ಡಿಗ್ರಿಗೆ ಬೇಕಾಗಿದ್ದು ನನ್ನ ಮಂಡಿಯ ಕಸ

“ಸುಡಬ್ಯಾಡಿ ಸಾ, ನಿಲ್ಸಿ!” ಎನ್ನುತ್ತಾ ಬಾಗೂರಿನ ಹುಡುಗಿಯೊಬ್ಬಳು ನನ್ನ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನೇ ಕಿತ್ತುಕೊಂಡಳು! ಚನ್ನರಾಯಪಟ್ಟಣದ ನನ್ನ ತೆಂಗಿನಕಾಯಿ ಮಂಡಿಯ ಹಿಂದೆ ಸಿಪ್ಪೆ ರಾಶಿಗೆ ಕಡ್ಡಿ ಗೀರುವುದರಲ್ಲಿದ್ದೆ.

ಅವಳದು ಪರಿಸರ, ವ್ಯಾಪಾರ ಎರಡೂ ಸೇರಿದ ಡಿಗ್ರಿಯಂತೆ. ಯಾವುದಾದರೂ ಅಂಗಡಿಯ ಕಸವನ್ನು ಮಾರುವ ಮಾಲು ಮಾಡಿ ತೋರಿಸದಿದ್ದರೆ ಪಾಸಿಲ್ಲವಂತೆ. ಬೇರೆ ಮಂಡಿಯವರೆಲ್ಲ ಅವಳನ್ನು ಸಾಗಹಾಕಿದ್ದರು.

ಗಿರಾಕಿ ಸಿಕ್ಕಮೇಲೆ ನಾನು ಬಿಡುತ್ತೇನೆಯೇ? “ಸಿಪ್ಪೆ ತಗೊಂಡೋಗವ್ವ, ಲಾಭದಲ್ಲಿ ಅರ್ಧ ನಂದು ಕಣ” ಎಂದೆ.

“ಈಗ್ತಾನೆ ಬೆಂಕಿ ಇಕ್ತಿದ್ರಲ್ಲ ಸಾ, ಬೂದೀಲೂ ಅರ್ಧ ಪಾಲು ಯಾರಿಗೆ ಇಟ್ಟಿದ್ರಿ?”

ಹಮಾಲಿಗಳು ಗೊಳ್ಳೆಂದು ನಕ್ಕರು. ಸಿಪ್ಪೆ ಪುಕ್ಕಟೆ ಕೊಟ್ಟೆ. ಅವಳು ಮಾಡಿಸಿದ ಅದರ ಪುಡಿ ಗಿಡದ ಕುಂಡಗಳಿಗೆಂದು ಹಾಸನದ ನರ್ಸರಿಗೆ ಮಾರಾಟವಾಯಿತು, ಹುಡುಗಿ ಪಾಸಾದಳು.

ಈ ವರ್ಷ ನನ್ನ ಮಗಳನ್ನೂ ಅದೇ ಡಿಗ್ರಿಗೆ ಸೇರಿಸಿದ್ದೇನೆ. ನೀವೂ ಕಾಲೇಜಿನಲ್ಲಿ ಫೀಸು ಚೌಕಾಸಿ ಮಾಡುವ ಮೊದಲು, ಪಾಸಾಗಲು ಮಕ್ಕಳ ಕೈಲಿ ಏನು ಮಾಡಿಸುತ್ತೀರಿ ಎಂದು ಕೇಳಿ!