ಆತು ಅಂದ ಮೇಲಿನ ಫೋಟೋ

ದೆವ್ವ, ಭೂತ, ಸತ್ತವರ ಸುಳಿವು ಇಂಥ ಮಾತುಗಳನ್ನು ನಾನು ಯಾವತ್ತೂ ಕಿವಿಗೆ ಹಾಕಿಕೊಂಡವಳಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಯಾರಾದರೂ ತಮ್ಮೂರಿನ ಹುಣಸೇಮರದ ಕಥೆ ತೆಗೆದರೆ, ನೀವೇ ಕಣ್ಣಾರೆ ನೋಡಿದ್ದೋ ಅಥವಾ ನೋಡಿದವರು ಹೇಳಿದ್ದೋ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುವವಳು ನಾನೇ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೃಷ್ಟಿಯಾಗದಿರಲೆಂದು ಬಾಗಿಲ ಮೇಲೆ ಬೂದುಗುಂಬಳ ಕಟ್ಟುತ್ತಾರೆ. ಅದು ಕೊಳೆತರೆ ಯಾರದೋ ಕೆಟ್ಟ ಕಣ್ಣು ಬಿತ್ತು ಎಂದು ಅರ್ಥವಂತೆ. ಹೈದರಾಬಾದಿನ ಬಿಸಿಲಿಗೆ ಕುಂಬಳಕಾಯಿ ಕೊಳೆಯದೆ ಇನ್ನೇನು ಮಾಡೀತು ಎಂದು ಅತ್ತೆಯೊಡನೆ ವಾದ ಹೂಡಿದವಳು ನಾನು. ಹಾಗಾಗಿ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ಬೀದರ್ ಕಡೆಯ ಮನೆತನ. ಮದುವೆಯಾದಂದಿನಿಂದ ಹೈದರಾಬಾದೇ ನನ್ನ ಊರು. ನನ್ನ ಗಂಡ ಸಿಕಂದರಾಬಾದಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದರು. ಫೋಟೋ ತೆಗೆಯುವುದು ಅವರ ಹುಚ್ಚು. ಹುಚ್ಚು ಎಂದೇ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಗೆ ಫ್ರಿಜ್ ಬರುವ ಮೊದಲೇ ಕ್ಯಾಮೆರಾ ನಿಲ್ಲಿಸುವ ಟ್ರೈಪಾಡ್ ಬಂದಿತ್ತು. ಪ್ರತಿ ವರ್ಷ ದೀಪಾವಳಿ ಪಾಡ್ಯದ ಸಂಜೆ, ಹೆಂಗಸರು ಮನೆಯ ಗಂಡಸರಿಗೆ ಆರತಿ ಬೆಳಗಿದ ಮೇಲೆ, ಎಲ್ಲರೂ ಟೆರೇಸಿಗೆ ಹೋಗಬೇಕು. ನೀರಿನ ಟ್ಯಾಂಕಿನ ಮುಂದೆ ಅದೇ ಜಾಗದಲ್ಲಿ, ಅದೇ ಸಾಲಿನಲ್ಲಿ ನಿಂತು ಆ ವರ್ಷದ ಫೋಟೋ ತೆಗೆಸಿಕೊಳ್ಳಬೇಕು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ, ಅವರ ಹಿಂದೆ ಮಣಿಕೊಂಡದಿಂದ ಬಂದ ಮೈದುನ ಮಲ್ಲು ಮತ್ತು ಅವನ ಹೆಂಡತಿ, ಅತ್ತೆಯ ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ಮಗಳು ಭೂಮಿ, ಭೂಮಿಯ ಆಚೆ, ಕೊನೆಯಲ್ಲಿ ಇವರು. ಆ ಫೋಟೋಗಳೆಲ್ಲ ನಮ್ಮ ಹಾಲಿನ ಗೋಡೆಯ ಮೇಲೆ ಸಾಲಾಗಿ ಇವೆ. ಭೂಮಿ ಕಂಕುಳ ಕೂಸಿನಿಂದ ಅಪ್ಪನ ಭುಜದವರೆಗೆ ಬೆಳೆದದ್ದನ್ನು ಅಲ್ಲಿ ನೋಡಬಹುದು.

ತೆಗೆಯುವವರೂ ಫೋಟೋದಲ್ಲಿ ಇರಬೇಕಲ್ಲ, ಅದಕ್ಕೇ ರಿಮೋಟ್. ಮೊದಲು ಒಂದಿತ್ತು, ಅದನ್ನು ಕ್ಯಾಮೆರಾದ ಕಡೆಗೇ ಹಿಡಿದು ಒತ್ತಬೇಕಾಗಿತ್ತು. ಹಳೆಯ ಫೋಟೋಗಳಲ್ಲಿ ಇವರು ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವವರ ಹಾಗೆ ಕೈ ಚಾಚಿ ನಿಂತಿದ್ದಾರೆ. ಆಮೇಲೆ ವೈರ್‌ಲೆಸ್ ರಿಮೋಟ್ ತಂದರು. ಕ್ಯಾಮೆರಾದ ನೆತ್ತಿಯ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ರಿಸೀವರ್ ಕೂರುತ್ತದೆ. ಅದಕ್ಕೆ ಅದರದೇ ಬ್ಯಾಟರಿ, ಅದರದೇ ಸ್ವಿಚ್ಚು. ಗುಂಡಿಯಿರುವ ರಿಮೋಟ್ ನಮ್ಮ ಕೈಯಲ್ಲಿ. ಮುಷ್ಟಿಯಿಂದ, ಜೇಬಿನೊಳಗಿಂದ, ಬೆನ್ನ ಹಿಂದಿನಿಂದ, ಎಲ್ಲಿಂದ ಒತ್ತಿದರೂ ಸೈ.

ಇದು ಕೈಗೆ ಬಂದ ಮೇಲೆ ಇವರು ಒಂದು ಮೋಸ ಕಲಿತರು. ನಮ್ಮನ್ನೆಲ್ಲ ನೆಟ್ಟಗೆ ನಿಲ್ಲಿಸಿ, ‘ಹಾಂ, ಇಲ್ಲಿ ನೋಡ್ರಿ’ ಎಂದು ಒಂದು ಸಲ ಒತ್ತುವರು. ಅದರಲ್ಲಿ ನಾವೆಲ್ಲ ಆಧಾರ್ ಕಾರ್ಡಿನ ಮುಖ ಮಾಡಿಕೊಂಡಿರುತ್ತಿದ್ದೆವು. ಆಮೇಲೆ ‘ಆತು, ನಡೀರಿ’ ಅನ್ನುವರು. ನಾವು ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು, ಏನೋ ಒಂದು ಅಂದುಕೊಂಡು ನಗುವ ಹೊತ್ತಿಗೆ ಜೇಬಿನೊಳಗಿಂದ ಮತ್ತೊಂದು ಸಲ ಒತ್ತಿಬಿಡುವರು. ಗೋಡೆ ಏರುತ್ತಿದ್ದದ್ದು ಯಾವಾಗಲೂ ಆ ಎರಡನೆಯದೇ. ಗೊತ್ತಿದ್ದೂ ಪ್ರತಿ ವರ್ಷ ಮೋಸ ಹೋಗುತ್ತಿದ್ದೆವು. ‘ನನ್ನ ಮಗ ದೇವರಿಗೂ ಟೋಪಿ ಹಾಕ್ತಾನ’ ಎಂದು ಅತ್ತೆ ಹೆಮ್ಮೆಯಿಂದಲೇ ಬೈಯುತ್ತಿದ್ದರು.

ಒಂದು ಬೇಸಿಗೆಯ ಮುಂಜಾನೆ ಮೆಟ್ರೋ ಹತ್ತಿ ಆಫೀಸಿಗೆ ಹೋದವರು ಸಂಜೆ ಆಂಬುಲೆನ್ಸಿನಲ್ಲಿ ಮನೆಗೆ ಬಂದರು. ಹೃದಯ ನಿಂತಿತು ಅಂದರು ಡಾಕ್ಟರು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆ ಹಾಕಿ, ಅಯ್ಯನವರು ವಿಧಿ ಮುಗಿಸಿ ಇನ್ನೇನು ಮಣ್ಣು ಕೊಡಿ ಅನ್ನಬೇಕು, ಅಷ್ಟರಲ್ಲಿ ಭೂಮಿ ಕುಣಿಯ ಅಂಚಿಗೆ ಬಂದಳು. ಮಲ್ಲುವಿನ ಕೈಗೆ ಏನೋ ಕೊಟ್ಟು, ‘ಕಾಕಾ, ಪಪ್ಪಾನ ಬಲಗೈಯಾಗ ಇಡು’ ಎಂದಳು. ನೋಡಿದರೆ ರಿಮೋಟ್. ಮಲ್ಲು ನನ್ನ ಮುಖ ನೋಡಿದ, ನಾನು ಅಯ್ಯನವರ ಮುಖ ನೋಡಿದೆ. ‘ಇರಲಿ ಬಿಡವ್ವ, ಕೂಸಿನ ಸಮಾಧಾನ’ ಎಂದರು ಅವರು. ಮಲ್ಲು ಕೆಳಗಿಳಿದು, ಅಣ್ಣನ ಬೆರಳು ಬಿಡಿಸಿ, ರಿಮೋಟನ್ನು ಒಳಗಿಟ್ಟು ಮುಷ್ಟಿ ಮುಚ್ಚಿದ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಅದರ ಮೇಲೆ ಮಣ್ಣು ಬಿತ್ತು. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಉಂಟು.

ಭೂಮಿ ಆ ದಿನ ಅಳಲಿಲ್ಲ. ಆಮೇಲೂ ಅಳಲಿಲ್ಲ. ಅತ್ತಿದ್ದರೆ ನಾನು ಹೆದರುತ್ತಿರಲಿಲ್ಲ. ಊಟ ಮಾಡುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಮೊದಲು ಬಾಯಿಗೆ ಬೀಗ ಹಾಕಿದರೂ ನಿಲ್ಲದಷ್ಟು ಮಾತಾಡುತ್ತಿದ್ದ ಹುಡುಗಿ. ಇನ್ನೊಂದು, ಯಾರ ಫೋಟೋಕ್ಕೂ ನಿಲ್ಲುತ್ತಿರಲಿಲ್ಲ. ಶಾಲೆಯ ಗುಂಪು ಫೋಟೋಕ್ಕೆ ಸಾಲು ನಿಲ್ಲಿಸಿದಾಗ ಎದ್ದು ಹೋದಳಂತೆ, ಅವಳ ಟೀಚರ್ ಫೋನ್ ಮಾಡಿದರು. ಯಾಕವ್ವಾ ಹೀಗೆ ಎಂದು ಕೇಳಿದ್ದಕ್ಕೆ ನನ್ನ ಮುಖ ನೋಡದೆ, ‘ಪಪ್ಪಾ ಒತ್ತಲಾರದ ಫೋಟೋದಾಗ ನಾ ನಿಂದ್ರಂಗಿಲ್ಲ, ಮಮ್ಮಿ’ ಅಂದಳು. ಡಾಕ್ಟರಿಗೂ ತೋರಿಸಿದೆ, ಕಾಲ ಕೊಡಿ ಎಂದರು. ಕಾಲ ಕೊಡುತ್ತಲೇ ಇದ್ದೆ, ಮಗಳು ಮಾತ್ರ ದಿನದಿನಕ್ಕೆ ದೂರ ಸರಿಯುತ್ತಿದ್ದಳು. ಗಂಡನನ್ನು ಕಳಕೊಂಡ ದುಃಖ ಒಂದು ಕಡೆ, ಕಣ್ಣೆದುರಿಗಿರುವ ಮಗಳೂ ಕೈಬಿಟ್ಟು ಹೋಗುತ್ತಿದ್ದಾಳೆ ಎಂಬ ಹೆದರಿಕೆ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಸುಡುತ್ತಿತ್ತು.

ಸಾವಾದ ವರ್ಷ ಹಬ್ಬ ಮಾಡುವುದಿಲ್ಲ. ಮಾರನೆಯ ವರ್ಷದ ಪಾಡ್ಯಕ್ಕೆ ಮಲ್ಲು, ಅವನ ಹೆಂಡತಿ ಬಂದರು. ಆರತಿ ತಟ್ಟೆಯ ಮುಂದೆ ಮಲ್ಲು ಒಬ್ಬನೇ ಕೂತಿದ್ದನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ. ಆಗ ಅತ್ತೆ ಹಟ ಹಿಡಿದರು, ಈ ವರ್ಷದ ಫೋಟೋ ಆಗಲೇಬೇಕೆಂದು. ಭೂಮಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅತ್ತೆ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು, ‘ನಾಳೆ ನಾ ಸತ್ತಮ್ಯಾಲ ಗ್ವಾಡಿಗಿ ಯಾವ ಫೋಟೂ ಹಾಕ್ತೀರಿ? ಹೋದ ವರ್ಷದ್ದಿಲ್ಲ, ಈ ವರ್ಷದ್ದೂ ಇಲ್ಲ’ ಎಂದು ಶುರು ಮಾಡಿದರು. ಮುದುಕಿಯರ ಈ ಅಸ್ತ್ರದ ಮುಂದೆ ಯಾರ ಆಟವೂ ನಡೆಯದು. ಕೊನೆಗೆ ಬಾಗಿಲು ತೆರೆಯಿತು. ‘ನಿನ್ನ ಸಲುವಾಗಿ ಬರ್ತೀನಿ ಆಯಿ, ಆದ್ರ ನಗು ಅನಬ್ಯಾಡ್ರಿ’ ಎಂದಳು ಭೂಮಿ.

ಕ್ಯಾಮೆರಾ ಬೀರುವಿನಲ್ಲಿ ಇವರು ಇಟ್ಟ ಹಾಗೇ ಇತ್ತು, ನೆತ್ತಿಯ ಮೇಲಿನ ರಿಸೀವರ್ ಸಮೇತ. ಕ್ಯಾಮೆರಾದ ಬ್ಯಾಟರಿಯನ್ನಷ್ಟೇ ಚಾರ್ಜ್ ಮಾಡಿದೆ. ರಿಸೀವರನ್ನು ಮುಟ್ಟಿದ ನೆನಪು ನನಗಿಲ್ಲ. ರಿಮೋಟೇ ಇಲ್ಲದ ಮೇಲೆ ಅದರ ಗೊಡವೆ ಯಾಕೆ? ಟೆರೇಸಿನಲ್ಲಿ ಇನ್ನೂ ಬೆಳಕಿತ್ತು. ದೂರದಲ್ಲಿ ಮೆಟ್ರೋ ಹೋಗುವುದು ಕಾಣುತ್ತಿತ್ತು. ಇವರು ಮಾಡುತ್ತಿದ್ದುದನ್ನು ಎಷ್ಟೋ ವರ್ಷ ನೋಡಿದ್ದೆನಲ್ಲ, ಟ್ರೈಪಾಡ್ ನಿಲ್ಲಿಸಿ, ಟೈಮರ್ ಇಟ್ಟು ಓಡಿದೆ. ಮೊದಲ ಸಲ ನನ್ನ ಬೆನ್ನು ಮಾತ್ರ ಬಂತು. ಮತ್ತೆ ಇಟ್ಟು, ಸೀರೆ ಎತ್ತಿ ಹಿಡಿದು ಓಡಿ ಬಂದು ನಿಂತೆ. ನಿಂತ ಮೇಲೆ ನೋಡುತ್ತೇನೆ, ಭೂಮಿಯ ಆಚೆಗೆ ಇವರ ಜಾಗ ಖಾಲಿ. ಹಾಗೆ ಬಿಡಿ ಎಂದು ಯಾರೂ ಹೇಳಿರಲಿಲ್ಲ. ಸರಿದು ನಿಲ್ಲಿ ಎಂದು ಹೇಳುವ ಧೈರ್ಯವೂ ಯಾರಿಗಿರಲಿಲ್ಲ. ಕ್ಯಾಮೆರಾ ಕ್ಲಿಕ್ ಅಂದಿತು.

‘ಆತು, ನಡೀರಿ’ ಎಂದೆ. ಅದು ಇವರ ಮಾತು ಎಂದು ಹೊಳೆದದ್ದು ನಾಲಿಗೆಯಿಂದ ಜಾರಿದ ಮೇಲೆ. ಅತ್ತೆಗೆ ಕಾಲು ಜೋಮು ಹಿಡಿದಿತ್ತು. ‘ಎಬ್ಬಸ್ರೋ ನನ್ನ’ ಎಂದರು. ಮಲ್ಲು ಮುಂದೆ ಬಂದು ಕೈಹಿಡಿದು ಎಳೆದ, ಅತ್ತೆ ಎದ್ದರು, ಅವರ ಜೊತೆಗೇ ಪ್ಲಾಸ್ಟಿಕ್ ಕುರ್ಚಿಯೂ ಎದ್ದಿತು. ಅತ್ತೆ ಸ್ವಲ್ಪ ದಪ್ಪ. ಕುರ್ಚಿಯ ಕೈಗಳಲ್ಲಿ ಸಿಕ್ಕಿಕೊಂಡು ಅವರು ಹಿಂದೆ ಮುಂದೆ ತಿರುಗುತ್ತಿದ್ದರೆ, ಮಲ್ಲುವಿನ ಹೆಂಡತಿ ಕುರ್ಚಿಯನ್ನು ಎಳೆಯುತ್ತಿದ್ದರೆ, ಭೂಮಿ ನಕ್ಕುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿಯಲೂ ಆಗದಷ್ಟು ಜೋರಾಗಿ, ಮೊದಲಿನ ಹಾಗೆ.

ಆಗ ಕ್ಯಾಮೆರಾ ಇನ್ನೊಮ್ಮೆ ಕ್ಲಿಕ್ ಅಂದಿತು.

ಎಲ್ಲರೂ ಕೇಳಿದೆವು. ಕ್ಯಾಮೆರಾದ ಹತ್ತಿರ ಯಾರೂ ಇರಲಿಲ್ಲ, ನಾವೆಲ್ಲ ಈ ಕಡೆಯೇ ಇದ್ದೆವು. ಮಲ್ಲು ತಾಯಿಯ ಕೈ ಹಿಡಿದುಕೊಂಡೇ ನಿಂತುಬಿಟ್ಟ. ಅತ್ತೆಯೊಬ್ಬರಿಗೇ ಆಶ್ಚರ್ಯವಾಗಲಿಲ್ಲ. ಕುರ್ಚಿಯಿಂದ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತ, ‘ನೋಡ್ರಿ, ಮತ್ತ ಮೋಸ ಮಾಡಿದ’ ಎಂದರು, ಮಗ ಅಲ್ಲೇ ಪಕ್ಕದಲ್ಲಿದ್ದಾನೆ ಅನ್ನುವ ಹಾಗೆ.

ಭೂಮಿ ಕ್ಯಾಮೆರಾದ ಹತ್ತಿರ ಹೋದಳು. ಹಿಂದಿನ ಪರದೆಯಲ್ಲಿ ಬಂದ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅಪ್ಪ ಹೋದಾಗಿನಿಂದ ಒಳಗೆ ಕಟ್ಟಿಕೊಂಡದ್ದೆಲ್ಲ ಅವತ್ತು ಹೊರಗೆ ಬಂತು. ನಾನು ಅವಳನ್ನು ತಬ್ಬಿಕೊಂಡು ಕೂತೆ, ನನಗೂ ತಡೆಯಲಾಗಲಿಲ್ಲ. ಅಕ್ಕಪಕ್ಕದ ಕಟ್ಟಡಗಳಲ್ಲಿ ಪಟಾಕಿ ಶುರುವಾದ ಮೇಲೂ ನಾವಿಬ್ಬರೂ ಅಲ್ಲೇ ಇದ್ದೆವು. ‘ನೀ ಏನರ ಮಾಡಿದ್ಯಾ ಮಮ್ಮಿ?’ ಎಂದು ಒಮ್ಮೆ ಕೇಳಿದಳು. ಇಲ್ಲ ಎಂದೆ. ಮತ್ತೆ ಕೇಳಲಿಲ್ಲ.

ಖಾಲಿ ಜಾಗದಲ್ಲಿ ಏನಾದರೂ ಕಾಣುತ್ತದೆಯೇ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಏನೂ ಕಾಣುವುದಿಲ್ಲ. ಅಲ್ಲಿ ನೀರಿನ ಟ್ಯಾಂಕಿದೆ, ಅದರ ಪೈಪಿದೆ. ಮಲ್ಲುವಿನ ಬೆನ್ನಿದೆ, ಕುರ್ಚಿ ಸಮೇತ ಅತ್ತೆ ಇದ್ದಾರೆ, ನನ್ನ ಅರ್ಧ ಮುಖ ಇದೆ. ನೆಟ್ಟಗೆ ಬಂದಿರುವುದು ಭೂಮಿ ಒಬ್ಬಳೇ, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಾಳೆ. ಆ ಗಳಿಗೆಗಿಂತ ಸ್ವಲ್ಪ ಮುಂಚೆ ಒತ್ತಿದ್ದರೆ ನಗು ಬಂದಿರಲಿಲ್ಲ, ಸ್ವಲ್ಪ ತಡವಾಗಿದ್ದರೆ ಹೋಗಿರುತ್ತಿತ್ತು. ಗೋಡೆಯ ಸಾಲಿಗೆ ಆ ವರ್ಷದ್ದೆಂದು ಅದನ್ನೇ ಹಾಕಿದ್ದೇವೆ.

ವಿಜ್ಞಾನದ ಟೀಚರ್ ಸುಮ್ಮನಿರುತ್ತಾಳೆಯೇ? ಟೈಮರನ್ನು ಒಂದಾದ ಮೇಲೊಂದು ತೆಗೆಯುವಂತೆ ಇಟ್ಟಿರಬೇಕು ಎಂದ ಮಲ್ಲು. ನೋಡಿದರೆ ಹಾಗೆ ಇಟ್ಟಿರಲಿಲ್ಲ. ಇಟ್ಟಿದ್ದರೂ ಬೆನ್ನುಬೆನ್ನಿಗೇ ಬರುತ್ತಿತ್ತು, ಅಷ್ಟು ಹೊತ್ತು ಕಾಯುತ್ತಿರಲಿಲ್ಲ. ಹತ್ತಿರದ ಕಟ್ಟಡದಲ್ಲಿ ಯಾರೋ ಇಂಥದೇ ರಿಮೋಟ್ ಒತ್ತಿರಬಹುದು, ಒಬ್ಬರ ರಿಮೋಟಿಗೆ ಇನ್ನೊಬ್ಬರ ಕ್ಯಾಮೆರಾ ಓಗೊಡುವುದುಂಟು. ವಾಚ್‌ಮನ್‌ನನ್ನು ವಿಚಾರಿಸಿದೆ. ಹಬ್ಬದ ದಿನ ಯಾರು ಯಾರು ಮೇಲೆ ಹತ್ತಿದ್ದರೋ ಯಾರಿಗೆ ಗೊತ್ತು ಮೇಡಂ, ಎಂದು ತೆಲುಗಿನಲ್ಲಿ ಹೇಳಿ ಕೈ ತಿರುವಿದ. ಇದ್ದುದರಲ್ಲಿ ಬುದ್ಧಿಗೆ ಒಪ್ಪುವ ಕಾರಣ ಇದೊಂದೇ. ನಾನೂ ಅದನ್ನೇ ಹಿಡಿದುಕೊಂಡೆ.

ಆದರೆ ಒಂದು ಮಾತಿದೆ. ಹಾಗಾಗಬೇಕಾದರೆ ರಿಸೀವರಿನಲ್ಲಿ ಜೀವ ಇರಬೇಕು. ಅವತ್ತು ಕೆಳಗೆ ಬಂದು ನೋಡಿದಾಗ ಅದರ ಸ್ವಿಚ್ಚು ಆನ್ ಇತ್ತು. ಟ್ರೈಪಾಡ್ ನಿಲ್ಲಿಸುವಾಗ ನನ್ನ ಕೈಯೇ ತಾಗಿ ಆನ್ ಆಗಿತ್ತೋ, ಅಥವಾ ಇವರು ಕೊನೆಯ ಸಲ ಫೋಟೋ ತೆಗೆದಾಗ ಆರಿಸುವುದನ್ನು ಮರೆತು ಹಾಗೇ ಇಟ್ಟಿದ್ದರೋ? ಮರೆತಿದ್ದರೆ ಅದರ ಬ್ಯಾಟರಿ ಎಂದೋ ಸತ್ತಿರಬೇಕು. ಸತ್ತ ಬ್ಯಾಟರಿಯ ರಿಸೀವರ್ ಯಾರ ರಿಮೋಟಿಗೂ ಓಗೊಡುವುದಿಲ್ಲ. ಮುಚ್ಚಳ ತೆಗೆದು ಬ್ಯಾಟರಿ ಪರೀಕ್ಷೆ ಮಾಡಿದರೆ ತಿಳಿದುಹೋಗುತ್ತದೆ, ನನ್ನ ವಿದ್ಯಾರ್ಥಿಗಳು ಆಟದ ಹಾಗೆ ಮಾಡುವ ಕೆಲಸ. ಅವತ್ತೇ ರಿಸೀವರಿನ ಸ್ವಿಚ್ಚು ಆರಿಸಿ, ಕ್ಯಾಮೆರಾದಿಂದ ಬಿಡಿಸಿ ಕರವಸ್ತ್ರದಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದೇನೆ. ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ. ಬ್ಯಾಟರಿ ಇನ್ನೂ ಬದುಕಿತ್ತು ಎಂದು ಗೊತ್ತಾದರೆ ಅವತ್ತಿನ ಸಂಜೆ ಯಾರದೋ ಕೈತಪ್ಪು ಅಷ್ಟೇ ಆಗುತ್ತದೆ. ಸತ್ತಿತ್ತು ಎಂದು ಗೊತ್ತಾದರೆ ಆಮೇಲೆ ನಾನು ಹೇಗೆ ಬದುಕಲಿ ಎಂದು ನನಗೆ ತಿಳಿಯದು. ಮತ್ತೆ ಗಂಟು ಕಟ್ಟಿ ಒಳಗಿಡುತ್ತೇನೆ.

ಭೂಮಿ ಈಗ ಕಾಲೇಜಿಗೆ ಹೋಗುತ್ತಾಳೆ. ಗೆಳತಿಯರ ಜೊತೆ, ಮದುವೆ ಮುಂಜಿಯಲ್ಲಿ, ಎಲ್ಲರ ಫೋಟೋಕ್ಕೂ ನಿಲ್ಲುತ್ತಾಳೆ, ಮೊದಲಿನ ಹಾಗೆ ಬಾಯಿ ತುಂಬ ಮಾತಾಡುತ್ತಾಳೆ. ಪಾಡ್ಯದ ಫೋಟೋ ಈಗ ಅವಳೇ ತೆಗೆಯುತ್ತಾಳೆ, ಟೈಮರ್ ಇಟ್ಟು ಓಡಿ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಾಳೆ. ಕ್ಲಿಕ್ ಆದ ಮೇಲೆ ‘ಆತು, ನಡೀರಿ’ ಎನ್ನುವವಳೂ ಅವಳೇ. ಎಲ್ಲರೂ ಕೆಳಗಿಳಿದು ಹೋಗುತ್ತಾರೆ. ಅವಳು ಮಾತ್ರ ಕ್ಯಾಮೆರಾವನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತಾಳೆ. ನಾನೂ ಬಟ್ಟೆ ತೆಗೆಯುವ ನೆವ ಮಾಡಿಕೊಂಡು ಅಲ್ಲೇ ಇರುತ್ತೇನೆ.