ಕೊಟ್ರೇಶ ಮಾವನ ಕ್ಯಾಸೆಟ್ಟಿನ ಎ ಸೈಡು

ಮೊನ್ನೆ ಹಳೆಯ ಟೇಪ್‌ರೆಕಾರ್ಡರನ್ನು ಗುಜರಿಗೆ ಹಾಕೋಣವೆಂದು ಅಟ್ಟದಿಂದ ಇಳಿಸಿದೆ. ಕೊಟ್ಟೂರಿನಲ್ಲಿ ಟೇಲರ್ ಆಗಿರುವ ಅವ್ವನ ತಮ್ಮ ಕೊಟ್ರೇಶ ಮಾವ ಸೀಡಿ ಪ್ಲೇಯರ್ ಕೊಂಡಾಗ ನಮ್ಮ ಮನೆಗೆ ದಾಟಿಸಿದ ಪೆಟ್ಟಿಗೆ ಅದು. ಗುಂಡಿ ಒತ್ತಿದರೆ ಒಳಗೊಂದು ಕ್ಯಾಸೆಟ್ಟು. ಅದರ ತಲೆಯ ತೂತಿಗೆ ಅಂಟಿಸಿದ ಸೆಲ್ಲೋಟೇಪು ನೋಡಿದ್ದೇ ನನ್ನ ಕಿವಿ ಬಿಸಿಯಾಯಿತು. ತೂತು ಮುಚ್ಚಿದರೆ ಇದ್ದ ಹಾಡಿನ ಮೇಲೆ ಬೇರೆಯದನ್ನು ತುಂಬಬಹುದೆಂಬುದು ನಿಮಗೂ ಗೊತ್ತಿರುವ ವಿದ್ಯೆಯೇ. ಅಂಟಿಸಿದವನು ನಾನೇ.

ಅದು ರಾಕ್ ಅಂಡ್ ರೋಲ್ ಹುಟ್ಟಿದ ಕಾಲದ ಗಿಟಾರಿನವನೊಬ್ಬನ ಆಲ್ಬಂ. ಆಯುಷ್ಯವಿಡೀ ಹಾಡುವವರ ಬೆನ್ನ ಹಿಂದೆ ನಿಂತು, ಒಮ್ಮೆ ಮಾತ್ರ ಮುಂದೆ ಬಂದವನಂತೆ. ರಟ್ಟಿನ ಚಿತ್ರದಲ್ಲೂ ಅರ್ಧವೇ ಮುಖ.

"ಹೆಸರು ಹಾಡಾಂವಂದು, ಕೆಲಸ ಈತಂದು. ಆ ಕೈ ಕೇಳಲೇ!" ಎನ್ನುತ್ತಿದ್ದ ಮಾವ. ಗಿಟಾರು ಓಡಿದರೆ ಅವನ ಹೊಲಿಗೆ ಮಷಿನ್ನೂ ಓಡುತ್ತಿತ್ತು.

"ಏನ್ರಿ ಕೊಟ್ರೇಶಣ್ಣ, ಒಂದು ತೋಳು ಗಿಡ್ಡ, ಒಂದು ಉದ್ದ?" ಎಂದು ರವಿಕೆ ಹೊಲಿಸಿದವರು ಕೇಳುತ್ತಿದ್ದರು.

"ಎರಡನೇದು ಹೊಲಿಯಾಗ ಹಾಡು ಉದ್ದಾತ್ರಿ ಅಕ್ಕಾರ."

ನಾನಾಗ ಮಾವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಊರವರ ದನಿಯೆಲ್ಲ ನನ್ನ ಗಂಟಲಲ್ಲಿತ್ತು, ಪಾಠವೊಂದು ಬಿಟ್ಟು. ಕಾಲೇಜಿನ ಮಿಮಿಕ್ರಿಗೆ ತಾಲೀಮು ಬೇಕಿತ್ತು, ಖಾಲಿ ಕ್ಯಾಸೆಟ್ಟಿರಲಿಲ್ಲ, ಮಾವ ಹಡಗಲಿಗೆ ಮದುವೆಗೆ ಹೋಗಿದ್ದ. ಆ ಗಿಟಾರಿನ ಮೇಲೆಯೇ ಹರಪನಹಳ್ಳಿ ಬಸ್ಸಿನ ಕಂಡಕ್ಟರನನ್ನು, ನಮ್ಮ ಲೆಕ್ಚರರನ್ನು, ಕೊನೆಗೆ ಬಾಯಲ್ಲಿ ಗುಂಡುಪಿನ್ನು ಕಚ್ಚಿ ಮಾತಾಡುವ ಮಾವನನ್ನೂ ಹತ್ತಿಸಿದೆ. ಬಹುಮಾನವಾಗಿ ಒಂದು ಸ್ಟೀಲ್ ಲೋಟ ಬಂತು. ಮಾವ ಅಂದಿನಿಂದ ಬಿ ಸೈಡು ಮಾತ್ರ ಹಾಕತೊಡಗಿದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ಹಗುರಾಗುತ್ತಿದ್ದೆ. ಬಳ್ಳಾರಿ, ದಾವಣಗೆರೆಯ ಅಂಗಡಿಗಳಲ್ಲೆಲ್ಲ ಕದ್ದು ಹುಡುಕಿದೆ. ಅದೇ ಆಲ್ಬಂ ಇನ್ನೊಂದು ಸಿಗಲಿಲ್ಲ.

ಮೊನ್ನೆ ಹಿಂದಕ್ಕೆ ಸುತ್ತಿ ಹಾಕಿದೆ. "ಹಗರಿಬೊಮ್ಮನಹಳ್ಳಿ ಯಾರ್ರೀ, ಇಳೀರಿ!" ಎಂದು ನನ್ನ ಕೀರಲು ಕಂಡಕ್ಟರ್ ಕೂಗಿದ. ಅಯ್ಯೋ, ಇದಕ್ಕಾ ಲೋಟ ಕೊಟ್ಟರು? ಪಿನ್ನು ಕಚ್ಚಿದ ಮಾವನೂ ಮುಗಿದ. ಟಕ್ ಎಂದಿತು. ಮತ್ತೆ ನನ್ನದೇ ದನಿ:

"ನಾ ಏನೂ ಮುಟ್ಟಿಲ್ಲ ಮಾವಾ... ಸೊರ್... ಓದಾಕ ಹತ್ತೀನಿ ಮಾವಾ... ಸೊರ್..."

ಅದು ನಾನಲ್ಲ, ನನ್ನ ಮಿಮಿಕ್ರಿ ಮಾಡಿದ ಮಾವ! ಸುಳ್ಳು ಹೇಳುವಾಗ ಮೂಗೆಳೆಯುತ್ತೇನೆಂಬುದು ನನಗೇ ಗೊತ್ತಿರಲಿಲ್ಲ. ಆಮೇಲೆ ಮಾವನ ಸ್ವಂತ ದನಿ: "ಈಗ ಬಾಯಿ ಮುಚ್ಚು. ಉಳಿದದ್ದಾದ್ರೂ ಕೇಳು."

ಉಳಿದದ್ದು ಒಂದೇ ಹಾಡು. ಗಿಟಾರು ಓಡುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು, ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಓಡುತ್ತಿತ್ತು. ಬಾಯಲ್ಲಿ ಅದನ್ನು ನಕಲು ಮಾಡಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಮರುದಿನ ಕ್ಯಾಸೆಟ್ಟು ಹಿಡಿದು ಕೊಟ್ಟೂರಿಗೆ ಹೋದೆ. ಮಾವ ಕಾಜಾ ಹೊಲಿಯುತ್ತಿದ್ದ.

"ತಪ್ಪಾತು ಮಾವಾ," ಎಂದೆ.

ಮಾವ ಬಾಯಿಂದ ಪಿನ್ನು ತೆಗೆದ. "ಇದು ಯಾರ ದನಿಲೇ? ನಿನ್ನ ಬಾಯಾಗ ಇವತ್ತ ಮೊದಲು ಕೇಳಾಕ ಹತ್ತೀನಿ."