ಆಷಾಢದ ಬೇಳೆ

ಮದುವೆಯಾದ ವರ್ಷ ಆಷಾಢ ಬಂದಾಗ ಪದ್ಧತಿಯಂತೆ ನನ್ನ ಹೆಂಡತಿ ತವರಿಗೆ ಹೋದಳು. ಆ ತಿಂಗಳು ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದಲ್ಲ. ಆಫೀಸಿನಲ್ಲಿ, "ಏನ್ ಗುರು, ದಿನ ಎಣಿಸ್ತಿದೀಯಾ?" ಎಂದು ಗೆಳೆಯರು ಕಾಡಿದರು. ಎಣಿಸುತ್ತಿದ್ದುದು ನಿಜ, ಅವರು ಅಂದುಕೊಂಡ ಕಾರಣಕ್ಕಲ್ಲ. ನನ್ನ ಗುಪ್ತಾಂಗದಲ್ಲಿ ನರಹುಲಿಗಳು ಎದ್ದಿದ್ದವು. ಮದುವೆಗೆ ಮುಂಚಿನ ಒಂದು ಒಡನಾಟದ ಫಲ. ಅವಳು ಬರುವಷ್ಟರಲ್ಲಿ ಸುಡಿಸಿಕೊಂಡು ಮುಗಿಸಬೇಕಿತ್ತು.

ನೆಂಟರ ಕಣ್ಣಿಗೆ ಬೀಳದಂತೆ ತರಗುಪೇಟೆಯಲ್ಲಿ ಒಬ್ಬ ಚರ್ಮದ ಡಾಕ್ಟರನ್ನು ಹುಡುಕಿದೆ. ಕೆಳಗೆ ಬೇಳೆ ಅಂಗಡಿ, ಮೇಲೆ ಕ್ಲಿನಿಕ್. ಹೋದಾಗಲೆಲ್ಲ ನೆಪಕ್ಕೆ ಐದು ಕೆಜಿ ತೊಗರಿಬೇಳೆ ಹೊತ್ತು ಮಲ್ಲೇಶ್ವರದ ಮನೆಗೆ ಬರುತ್ತಿದ್ದೆ. ಡಬ್ಬಿಗಳೆಲ್ಲ ತುಂಬಿ ಅಮ್ಮ ಗೊಣಗಿದಳು.

ಕೊನೆಯ ಸಲ ಡಾಕ್ಟರು ಹೇಳಿದರು: "ನರಹುಲಿ ಹೋಯ್ತು ಅಂದ್ರೆ ವೈರಸ್ ಹೋಯ್ತು ಅಂತಲ್ಲ. ಮತ್ತೆ ಬರಬಹುದು, ಏನೂ ಕಾಣದಿದ್ರೂ ಅಂಟಬಹುದು. ಕೆಲವು ತಿಂಗಳು ಕಾಂಡೋಮ್ ಹಾಕ್ಕೊಳ್ಳಿ, ಅದೂ ಪೂರ್ತಿ ಕಾಪಾಡಲ್ಲ. ಹೆಂಡ್ತಿಗೆ ಹೇಳಿ, ಕರ್ಕೊಂಡ್ಬನ್ನಿ."

ತಲೆಯಾಡಿಸಿದೆ. ಚರ್ಮ ನುಣುಪಾಗಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಶ್ರಾವಣದಲ್ಲಿ ಅವಳು ಬಂದಳು. ಕಾಂಡೋಮ್ ತಂದರೆ ಯಾಕೆ ಎಂದು ಕೇಳುತ್ತಾಳೆಂದು ತರಲೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಸಂಸಾರ ಮಾಡಿದೆ. "ಇಷ್ಟೊಂದು ಬೇಳೆ ಯಾಕ್ರೀ ತಂದ್ರಿ?" ಎಂದಳು. ಅಗ್ಗಕ್ಕೆ ಸಿಕ್ಕಿತು ಎಂದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಬಾಗಿಲು ಹಾಕಿ ಅಳತೊಡಗಿದಳು. "ನಂಗೆ ಕೆಳಗಡೆ ನರಹುಲಿ ಥರ ಆಗಿದೆ. ಅಮ್ಮನ ಮನೇಲಿ ಯಾರದೋ ಟವಲ್ ಬಳಸಿದ್ದೆ, ಅದ್ರಿಂದಾನೇ ಇರ್ಬೇಕು. ನಿಮ್ಗೂ ಅಂಟಿಸಿಬಿಟ್ನೇನೋ, ಕ್ಷಮಿಸಿಬಿಡಿ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಡಾಕ್ಟರ ಹತ್ತಿರ ಹೋಗೋಣ ಎಂದೆ, ನಿಜವನ್ನು ದಾರಿಯಲ್ಲಿ ಹೇಳೋಣ ಎಂದುಕೊಂಡೆ. ಆಟೋ ತರಗುಪೇಟೆ ಮುಟ್ಟಿದರೂ ಹೇಳಿರಲಿಲ್ಲ.

ಮೆಟ್ಟಿಲ ಬಳಿ ಬೇಳೆ ಅಂಗಡಿಯವನು ನನ್ನನ್ನು ಕಂಡು ನಕ್ಕ. "ಏನ್ ಸಾರ್, ಆಷಾಢ ಆದ್ಮೇಲೆ ಈ ಕಡೆ ಬರ್ಲೇ ಇಲ್ಲ? ಇವತ್ತೂ ಡಾಕ್ಟ್ರನ್ನ ನೋಡ್ಬಿಟ್ಟು ಐದು ಕೆಜಿನಾ?"

ಅವಳು ಬೇಳೆ ಮೂಟೆ ನೋಡಿದಳು, ಮೇಲಿನ ಬೋರ್ಡು ಓದಿದಳು.

"ಆಗ್ಲೇ ಗೊತ್ತಿತ್ತಾ ನಿಮ್ಗೆ?"

ಹೌದೆಂದೆ.

ಕೈಹಿಡಿಯಲು ಹೋದೆ. "ನೀವು ಇಲ್ಲೇ ಇರಿ" ಎಂದು ಒಬ್ಬಳೇ ಮೆಟ್ಟಿಲು ಹತ್ತಿದಳು.